ಕೋಡಿಯ ಮಠದ ವಾಮಶಕ್ತಿ: ಪ್ರಶಸ್ತಿಯ ಹಿಂದಿನ ಮಠಾಧ್ಯಕ್ಷ

ದುಬಲಗುಂಡಿಯಲ್ಲಿ ನಿಂತು 12ನೆಯ ಶತಮಾನವನ್ನು ನೆನೆಯುವವರ ಕಣ್ಣು ಸಹಜವಾಗಿ ಬಸವಕಲ್ಯಾಣದ ಕಡೆಗೆ ಹೊರಳುತ್ತದೆ. ಆ ಕಲ್ಯಾಣದಿಂದ ಆಳಿದ ಕಳಚುರಿ ಬಿಜ್ಜಳನು 1162ರಲ್ಲಿ ದಕ್ಷಿಣ ಪ್ರಾಂತವನ್ನು ಹತೋಟಿಗೆ ತರಲು ಹೋಗಿ ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದನು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠಕ್ಕೆ ಆಗ ವಾಮಶಕ್ತಿ ಪಂಡಿತರು ಅಧ್ಯಕ್ಷರು. ಬಿಜ್ಜಳನ ದತ್ತಿಯನ್ನು ದಾಖಲಿಸುವ ಶಾಸನವನ್ನು ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಪ್ರಕಟಿಸಿದರು. ಸಭಾಪಾಲನೆಯನ್ನು ಕಲಿಯುತ್ತಿರುವ ನಮ್ಮವರು ಅದನ್ನು ಒಮ್ಮೆಯಾದರೂ ಓದಬೇಕು. ಆದರೆ ಎಚ್ಚರದಿಂದ ಓದಬೇಕು.

ಶಾಸನವು ಮಠವನ್ನು ವರ್ಣಿಸುವ ಭಾಗ ದೀರ್ಘವಾದುದು. ನೈಷ್ಠಿಕ ಬ್ರಹ್ಮಚಾರಿಗಳಾದ ಶೈವ ತಪಸ್ವಿಗಳ ನೆಲೆ ಅದು. ನಾಲ್ಕು ವೇದಗಳು, ಪಾಣಿನಿಯದೂ ಶಾಕಟಾಯನನದೂ ಸೇರಿದಂತೆ ಹಲವು ವ್ಯಾಕರಣಗಳು, ಲಾಕುಳ ಸಿದ್ಧಾಂತ, ಯೋಗ, ಪುರಾಣ, ಕಾವ್ಯ, ನಾಟಕ ಇವೆಲ್ಲಕ್ಕೂ ಅಲ್ಲಿ ಎಡೆಯುಂಟು. ಬೌದ್ಧದರ್ಶನವೂ ಪಾಠದಿಂದ ಹೊರಗುಳಿದಿಲ್ಲ. ಅನ್ನ ದೊರೆಯುವವರ ಪಟ್ಟಿಯಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇದ್ದಾರೆ. ಗಾಯಕರು, ನರ್ತಕರು, ಜೈನ ಕ್ಷಪಣಕರು, ಏಕದಂಡಿ ತ್ರಿದಂಡಿಗಳೂ ಇದ್ದಾರೆ. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರವುಂಟು, ಸರ್ವಪ್ರಾಣಿಗಳಿಗೆ ಅಭಯವುಂಟು. ಇದನ್ನೋದಿ ವಿಶ್ವವಿದ್ಯಾಲಯ, ಆಸ್ಪತ್ರೆ ಎಂಬ ಇಂದಿನ ಹೆಸರುಗಳನ್ನು ಅಂಟಿಸುವುದು ನಮ್ಮ ಉಪನ್ಯಾಸಕಾರರಿಗೆ ಪ್ರಿಯವಾದ ಅಭ್ಯಾಸ. ಅದರ ಅಗತ್ಯವಿಲ್ಲ. ಅನ್ಯಮತದ ಸನ್ಯಾಸಿಯನ್ನು ತನ್ನ ಪಂಕ್ತಿಗೆ ಕರೆದ ಮಠವೆಂಬ ಮಾತೇ ಸಾಕಷ್ಟು ತೂಕದ್ದಾಗಿದೆ.

ಪ್ರಶ್ನೆ ಏಳುವುದು ಬೇರೆ ಕಡೆ. ಶಾಸನ ಹೊಗಳುವುದು ಮಠವನ್ನು, ಗುರುಪರಂಪರೆಯನ್ನು. ವಾಮಶಕ್ತಿಗಳು ಆ ಅನ್ನವನ್ನು ಹೇಗೆ ಒದಗಿಸಿದರು, ಯಾರನ್ನು ತಿದ್ದಿದರು, ಯಾರನ್ನು ಕ್ಷಮಿಸಿದರು ಎಂಬುದನ್ನಲ್ಲ. ಹಾಗೆಂದು ಪ್ರಶಸ್ತಿಯ ಕವಿಯನ್ನು ದೂರಲಾಗದು, ಅವನ ಕೆಲಸ ಅದಲ್ಲ. ಆದರೂ ಇದೇ ಪರಂಪರೆಯ ದಾಖಲೆಗಳು ಒಂದೆಡೆ ಬಾಯಿಬಿಡುತ್ತವೆ. ವಾಮಶಕ್ತಿ ಎಂಬ ಹೆಸರಿನವರು ಈ ಪರಂಪರೆಯಲ್ಲಿ ಇಬ್ಬರಿದ್ದರು. ಅವರಲ್ಲಿ ಹಿರಿಯರಿಗೆ ಮಠವನ್ನು ಒಪ್ಪಿಸಿದವರು ವಿದ್ಯಾಭರಣರು. ಮಠದ ವ್ಯವಹಾರ ವಿದ್ಯಾಸುಖಕ್ಕೆ ಅಡ್ಡಿಯೆಂದು ಅವರು ಆ ಭಾರವನ್ನು ಕೆಳಗಿಳಿಸಿದರು. ಗುರುಪೀಠದಲ್ಲಿ ಕುಳಿತವರಿಗೆ ಪೀಠ ಬೇಡವಾದ ಈ ಕ್ಷಣ, ಇಡೀ ಸ್ತುತಿಗಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿತು. ದೀಕ್ಷೆಯಾಗಿ ಹತ್ತು ವರ್ಷ ಕಳೆದ ಯಾವ ಸಭಾಪಾಲಕನಿಗೆ ತಾನೆ ಲೆಕ್ಕಪುಸ್ತಕದ ಮುಂದೆ ಕುಳಿತು ಮುಚ್ಚಿಟ್ಟ ಗ್ರೀಕ್ ವ್ಯಾಕರಣದ ನೆನಪಾಗಿಲ್ಲ?

ಬೆನೆಡಿಕ್ಟನು 6ನೆಯ ಶತಮಾನದಲ್ಲಿ ಬರೆದ ನಿಯಮಾವಳಿಯನ್ನು ಇದರ ಪಕ್ಕದಲ್ಲಿ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅದು ಮಠಾಧ್ಯಕ್ಷನನ್ನು ಹೊಗಳುವುದಿಲ್ಲ, ಹೆದರಿಸುತ್ತದೆ: ತನಗೆ ಒಪ್ಪಿಸಲಾದ ಪ್ರತಿಯೊಂದು ಆತ್ಮಕ್ಕೂ ಅವನು ನ್ಯಾಯತೀರ್ಪಿನ ದಿನ ಲೆಕ್ಕ ಕೊಡಬೇಕು. ದಾನಿಯು ಆಚಾರ್ಯರ ಕಾಲು ತೊಳೆದು ಧಾರೆಯೆರೆದು ಭೂಮಿ ಕೊಡುವುದು ಕನ್ನಡ ದಾನಶಾಸನಗಳ ರೂಢಿಯ ಮಾತು. ನಿಯಮಾವಳಿಯ 53ನೆಯ ಅಧ್ಯಾಯದಲ್ಲಾದರೋ ಮಠಾಧ್ಯಕ್ಷನೂ ಸಹೋದರರೆಲ್ಲರೂ ಬಂದ ಅತಿಥಿಗಳ ಕಾಲು ತೊಳೆಯಬೇಕು. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ಬಲ್ಲ ನಮಗೆ ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆಂಬುದು ಸಣ್ಣ ಸಂಗತಿಯಲ್ಲ. ಆದರೆ ಈ ಹೋಲಿಕೆಯಿಂದ ನಾವು ಗೆದ್ದೆವೆಂದು ಬೀಗುವಂತಿಲ್ಲ. ಒಂದು ಆದರ್ಶವನ್ನು ವಿಧಿಸುವ ಗ್ರಂಥ, ಇನ್ನೊಂದು ಆಸ್ತಿಯನ್ನು ದೃಢಪಡಿಸುವ ಕಲ್ಲು. ನಮ್ಮ ಸಭೆಗಳ ಸನ್ಮಾನಪತ್ರಗಳನ್ನು ಕೋಡಿಯ ಮಠದ ಪ್ರಶಸ್ತಿಯೊಡನೆ ಹೋಲಿಸಿದರೆ ತಕ್ಕಡಿ ಹೆಚ್ಚು ನ್ಯಾಯವಾಗಿರುತ್ತದೆ.

ಕಿರಿಯ ವಾಮಶಕ್ತಿಗಳು ಮೂರು ದಶಕಗಳಿಗೂ ಮಿಕ್ಕಿ ಮಠವನ್ನು ನಡೆಸಿದರು, ರಾಜಗುರುವೆನಿಸಿಕೊಂಡರು. ಕಳಚುರಿಗಳು ಅಳಿದ ಮೇಲೆ ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿಯೂ ಮಠಕ್ಕೆ ದತ್ತಿ ತಪ್ಪಲಿಲ್ಲ. ಅದೇ ಕಾಲದ ಕಲ್ಯಾಣದಲ್ಲಿ ಬಿಜ್ಜಳನ ಆಸ್ಥಾನದಲ್ಲೇ ಇದ್ದ ಬಸವಣ್ಣನವರ ಸುತ್ತ ಕೂಡಿದ ಶರಣರು ಚದುರಿಹೋದರು. ಉಳಿದುಕೊಂಡವರನ್ನು ಜಾಣರೆಂದು, ಚದುರಿದವರನ್ನು ಧೀರರೆಂದು ವಿಂಗಡಿಸುವುದು ಸುಲಭ, ನನಗೆ ಒಪ್ಪಿಗೆಯಿಲ್ಲ. ಅರಸರು ಬದಲಾದಾಗಲೂ ಕುರುಡನ ಊಟ ನಿಲ್ಲದಿರಬೇಕಾದರೆ ಯಾರಾದರೂ ಹೊಸ ಅರಸನ ಎದುರು ನಿಲ್ಲಲೇಬೇಕಿತ್ತು. ಆದರೆ ಆ ಊಟವನ್ನು ಬೇಯಿಸಿದವರ, ರೋಗಿಯ ಗಾಯ ತೊಳೆದವರ ಹೆಸರು 1162ರ ಪ್ರಶಸ್ತಿಯಲ್ಲಿ ಇಲ್ಲ. ಬೆನೆಡಿಕ್ಟನ ನಿಯಮಾವಳಿಯಲ್ಲಿ ಉಗ್ರಾಣಿಕನಿಗೆ ಒಂದು ಅಧ್ಯಾಯವಿದೆ, ವಾರದ ಅಡಿಗೆಯವರಿಗೂ ಒಂದಿದೆ.