ತಲೆದೂಗುವ ಮುನ್ನ

ಅಟ್ಟದ ಮೇಲಿನ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯೋ ಇನ್ನೂ ನೀರಿದೆಯೋ ಎಂದು ಹೇಳಬಲ್ಲ ಜನ ನಾವು, ಹುಳಿಯಾರಿನವರು. ಅದೇ ನಾವು ಸಂಗೀತ ಕಛೇರಿಗೆ ಬಂದರೆ ‘ನಮಗೆ ಶಾಸ್ತ್ರ ತಿಳಿಯಲ್ಲಪ್ಪ’ ಎಂದು ಹಿಂದಿನ ಸಾಲಿಗೆ ಸರಿಯುತ್ತೇವೆ. ಶಾಸ್ತ್ರ ಹಾಗಿರಲಿ, ಮೊದಲು ಒಂದೇ ಒಂದು ಕೃತಿಯನ್ನು ಹಿಡಿಯಿರಿ.

ಮೈಸೂರು ವಾಸುದೇವಾಚಾರ್ಯರ ‘ಬ್ರೋಚೇವಾರೆವರುರಾ’ ಸಾಕು. ‘ಶಂಕರಾಭರಣಂ’ ಸಿನಿಮಾದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ, ವಾಣಿ ಜಯರಾಂ ಹಾಡಿದ್ದು ನಿಮ್ಮ ಕಿವಿಯಲ್ಲಿ ಆಗಲೇ ಇದ್ದೀತು. ತೆಲುಗು ಅರ್ಥವಾಗದಿದ್ದರೂ ಚಿಂತೆಯಿಲ್ಲ, ‘ನಿನ್ನ ಬಿಟ್ಟು ನನ್ನನ್ನು ಕಾಯುವವರು ಯಾರು’ ಎಂಬ ಮೊರೆ ಅದು. ರಾಗ ಖಮಾಚ್, ತಾಳ ಆದಿ. ತೊಡೆಯ ಮೇಲೆ ಒಂದು ಏಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಏಟು-ಬೀಸು ಎರಡು ಸಲ. ಒಟ್ಟು ಎಂಟು. ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ ಹಾಕಿ. ಕಛೇರಿಗೆ ಬಂದು ತೊಡೆ ಬಡಿಯುವವರ ಕಾಟ ಸಣ್ಣದಲ್ಲ.

ಖಮಾಚ್ ಮೇಲೇರುವಾಗ ರಿಷಭವನ್ನು ಮುಟ್ಟುವುದಿಲ್ಲ. ಷಡ್ಜದಿಂದ ಮಧ್ಯಮಕ್ಕೆ ಹಾರಿ, ಒಂದು ಹೆಜ್ಜೆ ಗಾಂಧಾರಕ್ಕೆ ಇಳಿದು, ಮತ್ತೆ ಮಧ್ಯಮಕ್ಕೆ ಬರುತ್ತದೆ. ಸ್ವರದ ಹೆಸರು ಗೊತ್ತಿರಬೇಕೆಂದಿಲ್ಲ, ಆ ಹಾರಿಕೆಯ ಬಳುಕು ಕಿವಿಗೆ ಬಿದ್ದರೆ ಸಾಕು. ಇನ್ನು ಕೃತಿಯ ಮೊದಲ ಭಾಗ, ಪಲ್ಲವಿ. ಒಂದೇ ಸಾಲನ್ನು ಏಕೆ ಮತ್ತೆ ಮತ್ತೆ ಹಾಡುತ್ತಾರೆ ಎಂದು ಬೇಸರವಾಗುವುದು ಇಲ್ಲೇ. ಅವು ಸಂಗತಿಗಳು. ಮಾತು ಅದೇ, ನಡೆ ಬೇರೆ. ಮೊದಲನೆಯದು ಸರಳ; ಆಮೇಲಿನದರಲ್ಲಿ ಎಲ್ಲಿ ಏನು ಸೇರಿತು ಎಂದು ಹುಡುಕುತ್ತ ಹೋಗಿ. ಆಮೇಲಿನ ಭಾಗವಾದ ಅನುಪಲ್ಲವಿ ಮೇಲಿನ ಸ್ಥಾಯಿಯತ್ತ ಏರುತ್ತದೆ, ಚಿಟ್ಟೆಸ್ವರದಲ್ಲಿ ಸ್ವರಗಳದೇ ಓಟ. ಕೊನೆಯ ಭಾಗವಾದ ಚರಣದಲ್ಲಿ ‘ವಾಸುದೇವ’ ಎಂಬ ಅಂಕಿತ ಕೇಳಿಸಿದರೆ ಅದು ಆಚಾರ್ಯರ ರುಜು.

ಆಚಾರ್ಯರು (1865–1961) ಮೈಸೂರು ಆಸ್ಥಾನದ ನೆರವಿನಿಂದ ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಬಳಿ ಕಲಿತವರು. ಕೃತಿ ಮಾತ್ರವಲ್ಲ, ‘ನಾ ಕಂಡ ಕಲಾವಿದರು’ ಎಂಬ ಕನ್ನಡ ಪುಸ್ತಕವನ್ನೂ ಬರೆದರು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪನಂಥ ಸಂಗೀತಗಾರರ ವ್ಯಕ್ತಿಚಿತ್ರಗಳು ಅದರಲ್ಲಿವೆ. ವಿಮರ್ಶೆ ಎಂಬ ಹಣೆಪಟ್ಟಿ ಅದಕ್ಕಿಲ್ಲ, ಮೆಚ್ಚುಗೆ ತುಸು ಹೆಚ್ಚೇ ಆಯಿತು ಎಂದೂ ನನಗನ್ನಿಸುತ್ತದೆ. ಆದರೂ ಹೊಸ ರಸಿಕರಿಗೆ ನಾನು ಮೊದಲು ಕೊಡುವುದು ಆ ಪುಸ್ತಕವನ್ನೇ. ಹಾಡು ಕಟ್ಟಬಲ್ಲವರು ಇನ್ನೊಬ್ಬರ ಹಾಡಿಗೆ ಹೇಗೆ ಕಿವಿಗೊಟ್ಟರು ಎಂಬುದು ಬೇರೆಲ್ಲೂ ಇಷ್ಟು ಸಲೀಸಾಗಿ ಸಿಗದು.

ಕಛೇರಿ ಮುಗಿದ ಮೇಲೆ ವಿದ್ವಾಂಸರ ಹತ್ತಿರ ಹೋಗಿ ‘ಬಹಳ ಚೆನ್ನಾಗಿತ್ತು ಸಾರ್’ ಎನ್ನಬೇಡಿ. ಅವರಿಗೆ ಅದು ಅಭ್ಯಾಸವಾಗಿಹೋಗಿದೆ. ‘ಪಲ್ಲವಿಯ ಮೂರನೇ ಸಂಗತಿಯಲ್ಲಿ ಒಂದು ಕ್ಷಣ ನಿಂತಿರಲ್ಲ, ಅದು ನಿಮ್ಮದೋ ಗುರುಗಳ ಪಾಠವೋ?’ ಎಂದು ಕೇಳಿ. ಹಿಡಿಸಲಿಲ್ಲವಾದರೆ ಅದನ್ನೂ ಹೀಗೇ ಜಾಗ ತೋರಿಸಿ ಹೇಳಬಹುದು, ಆದರೆ ಅದೇ ಕೃತಿಯನ್ನು ಇನ್ನಿಬ್ಬರ ಬಾಯಲ್ಲಿ ಕೇಳಿದ ಮೇಲೆ.