ಆಟದ ಲೋಕದಲ್ಲಿ ಮರುಮಾರಾಟ: ಒಂದು ವಿವೇಚನೆ

ಕಾವ್ಯ, ನಾಟಕ, ಕಾದಂಬರಿಗಳನ್ನು ವಿಮರ್ಶೆಗೆ ಯೋಗ್ಯವೆಂದು ಒಪ್ಪುವ ವಿದ್ವಾಂಸರಲ್ಲಿ ಅನೇಕರು ಗಣಕಯಂತ್ರದ ಆಟಗಳನ್ನು ಹಾಗೆ ಒಪ್ಪಲು ಇನ್ನೂ ಹಿಂದೆಮುಂದೆ ನೋಡುತ್ತಾರೆ. ಆದರೆ ಕಲ್ಪಿತವಾದೊಂದು ಲೋಕವನ್ನು ನಿರ್ಮಿಸಿ, ಅದಕ್ಕೆ ನಿಯಮಗಳನ್ನು ವಿಧಿಸಿ, ಆ ನಿಯಮಗಳೊಳಗೆ ಮನುಷ್ಯರು ಹೇಗೆ ನಡೆದುಕೊಳ್ಳುವರೆಂಬುದನ್ನು ಬೆಳಕಿಗೆ ತರುವ ಕೃತಿ ಯಾವ ಮಾಧ್ಯಮದಲ್ಲಿದ್ದರೂ ವಿವೇಚನೆಗೆ ಅರ್ಹವೆಂದೇ ನಮ್ಮ ಅಭಿಪ್ರಾಯ. ಅರ್ಥಶಾಸ್ತ್ರಜ್ಞರು ಈ ದಾರಿಯನ್ನು ಮೊದಲೇ ಹಿಡಿದಿದ್ದಾರೆ: 'ಎವರ್‌ಕ್ವೆಸ್ಟ್' ಎಂಬ ಆಟದೊಳಗಿನ ಮಾರುಕಟ್ಟೆಯನ್ನು ಕುರಿತು ಎಡ್ವರ್ಡ್ ಕ್ಯಾಸ್ಟ್ರೊನೋವಾ ಬರೆದ ಪ್ರಬಂಧ ೨೦೦೧ರಲ್ಲಿಯೇ ಹೊರಬಂದಿತು. ಪ್ರಕೃತ ಲೇಖನದಲ್ಲಿ ನಾವು ಬ್ಲಿಜರ್ಡ್ ಸಂಸ್ಥೆ ೨೦೦೪ರ ನವೆಂಬರಿನಲ್ಲಿ ಹೊರತಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟದ ಒಂದು ಅಂಗವನ್ನು ಮಾತ್ರ ಪರಿಶೀಲಿಸುತ್ತೇವೆ. ಆಟದ ಅಂಗಡಿಕಾರನಿಂದ ಕೊಂಡ ಸರಕನ್ನು ಸಹ ಆಟಗಾರರಿಗೆ ಹೆಚ್ಚಿನ ಬೆಲೆಗೆ ಮಾರಿ ಚಿನ್ನ ಗಳಿಸುವ ವ್ಯಾಪಾರವೇ ಆ ಅಂಗ.

ಮೊದಲು ವ್ಯವಸ್ಥೆಯ ಸ್ವರೂಪವನ್ನು ತಿಳಿಯಬೇಕು. ಈ ಲೋಕದ ನಾಣ್ಯಗಳು ಮೂರು: ನೂರು ತಾಮ್ರಕ್ಕೆ ಒಂದು ಬೆಳ್ಳಿ, ನೂರು ಬೆಳ್ಳಿಗೆ ಒಂದು ಚಿನ್ನ. ಅಂಗಡಿಕಾರರು ಆಟಗಾರರಲ್ಲ, ಯಂತ್ರವೇ ನಡೆಸುವ ಪಾತ್ರಗಳು. ಅವರ ಬೆಲೆ ಗೊತ್ತುಮಾಡಿದ ಬೆಲೆ, ಚೌಕಾಶಿಗೆ ಎಡೆಯಿಲ್ಲ. ಹೆಚ್ಚಿನ ಸರಕುಗಳು ಅವರಲ್ಲಿ ಎಂದಿಗೂ ಮುಗಿಯುವುದಿಲ್ಲ. ಇದಕ್ಕೆ ಎದುರಾಗಿ ನಗರಗಳಲ್ಲಿ ಹರಾಜುಕಟ್ಟೆಗಳಿವೆ. ಅಲ್ಲಿ ಆಟಗಾರನು ಆಟಗಾರನಿಗೆ ಮಾರುತ್ತಾನೆ. ಬೆಲೆಯನ್ನು ಮಾರುವವನೇ ಇಡುತ್ತಾನೆ. ಮಾರಾಟವಾದಾಗ ನೂರಕ್ಕೆ ೫ರಂತೆ ಕಟ್ಟೆಯ ಪಾಲು ಕಳೆದು ಉಳಿದುದು ಅಂಚೆಯಲ್ಲಿ ಬರುತ್ತದೆ. ಅಂಗಡಿಯ ಬೆಲೆ ಇಷ್ಟೆಂದು ಹರಾಜಿನ ಪಟ್ಟಿ ಕೊಳ್ಳುವವನಿಗೆ ತಿಳಿಸುವುದಿಲ್ಲ. ಮರುಮಾರಾಟದ ಬೇರು ಈ ಮೌನದಲ್ಲಿದೆ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಆಟದ ಜನರು ಅಲೈಯನ್ಸ್, ಹೋರ್ಡ್ ಎಂಬ ಎರಡು ಪಕ್ಷಗಳಾಗಿ ಒಡೆದಿದ್ದಾರೆ. ಸ್ಟಾರ್ಮ್‌ವಿಂಡ್ ನಗರದ ಹೊರಗಿನ ಎಲ್ವಿನ್ ಕಾಡಿನಲ್ಲಿ ಡೋನಿ ಅಂಥಾನಿಯಾ ಎಂಬ ಬೆಕ್ಕುಗಳ ಒಡತಿಯಿದ್ದಾಳೆ. ಮೊದಲ ಆವೃತ್ತಿಯಲ್ಲಿಯೂ, ೨೦೧೯ರಲ್ಲಿ ಮರಳಿ ಹೊರತಂದ 'ಕ್ಲಾಸಿಕ್' ಆವೃತ್ತಿಯಲ್ಲಿಯೂ ಅವಳ ಬೆಕ್ಕೊಂದರ ಮೂಲಬೆಲೆ ೪೦ ಬೆಳ್ಳಿ. ಒಬ್ಬ ಆಟಗಾರನು ಅದನ್ನು ಕೊಂಡು ಹತ್ತಿರದ ಹರಾಜುಕಟ್ಟೆಯಲ್ಲಿ ೫ ಚಿನ್ನಕ್ಕೆ ಮಾರಿದನೆಂದು ಭಾವಿಸೋಣ. ಕಟ್ಟೆಯ ಪಾಲು ೨೫ ಬೆಳ್ಳಿ. ಬೆಕ್ಕಿನ ಬೆಲೆ ೪೦ ಬೆಳ್ಳಿ. ಅವನಿಗೆ ಉಳಿದ ಲಾಭ ೪ ಚಿನ್ನ ೩೫ ಬೆಳ್ಳಿ. ಕತ್ತಿಯನ್ನು ಒರೆಯಿಂದ ತೆಗೆಯದೆ, ಒಂದು ಕಾಡುಹಂದಿಯನ್ನೂ ಕೊಲ್ಲದೆ, ಅವನು ಹಾಕಿದ ಹಣದ ಹತ್ತು ಪಾಲಿಗಿಂತ ಹೆಚ್ಚನ್ನು ಗಳಿಸಿದ್ದಾನೆ.

ಆಟಗಾರರು ಇದನ್ನು 'ಚಿನ್ನ ಮಾಡುವುದು' ಎನ್ನುತ್ತಾರೆ. ಈ ಮಾತು ಸರಿಯಲ್ಲ. ಆ ಲೋಕದಲ್ಲಿ ಚಿನ್ನ ಹುಟ್ಟುವುದು ರಾಕ್ಷಸರನ್ನು ಕೊಂದಾಗ, ಒಪ್ಪಿಸಿದ ಕಾರ್ಯವನ್ನು ಮುಗಿಸಿದಾಗ, ದೊರೆತ ಸರಕನ್ನು ಅಂಗಡಿಕಾರನಿಗೆ ಕೊಟ್ಟಾಗ. ಮರುಮಾರಾಟದಿಂದ ಒಂದು ತಾಮ್ರವೂ ಹುಟ್ಟುವುದಿಲ್ಲ. ಮೇಲಿನ ಲೆಕ್ಕದಲ್ಲಿ ಬೆಕ್ಕಿನ ೪೦ ಬೆಳ್ಳಿಯೂ ಕಟ್ಟೆಯ ೨೫ ಬೆಳ್ಳಿಯೂ ಲೋಕದಿಂದಲೇ ಅಳಿದುಹೋದವು. ಉಳಿದುದು ಕೊಂಡವನ ಚೀಲದಿಂದ ಮಾರಿದವನ ಚೀಲಕ್ಕೆ ಹೋಯಿತು. ಆದುದರಿಂದ 'ಎಷ್ಟು ಚಿನ್ನವಾಯಿತು' ಎಂಬ ಪ್ರಶ್ನೆಗಿಂತ 'ಯಾರ ಚಿನ್ನ, ಯಾವುದಕ್ಕೆ ಪ್ರತಿಯಾಗಿ ಬಂದಿತು' ಎಂಬುದೇ ಕೇಳತಕ್ಕ ಪ್ರಶ್ನೆ.

ಈ ಪ್ರಶ್ನೆ ಹೊಸದಲ್ಲ. ಸಿಸಿರೋ ತನ್ನ ಕರ್ತವ್ಯಗಳ ಗ್ರಂಥದ ಮೂರನೆಯ ಭಾಗದಲ್ಲಿ ಒಬ್ಬ ಧಾನ್ಯದ ವರ್ತಕನ ಪ್ರಸಂಗವನ್ನು ಎತ್ತಿದ್ದಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ವರ್ತಕನು ಅಲೆಕ್ಸಾಂಡ್ರಿಯದಿಂದ ಧಾನ್ಯ ತಂದಿದ್ದಾನೆ. ಇನ್ನೂ ಹಲವು ಹಡಗುಗಳು ಹಿಂದೆ ಬರುತ್ತಿರುವುದು ಅವನಿಗೆ ಗೊತ್ತು, ದ್ವೀಪದವರಿಗೆ ಗೊತ್ತಿಲ್ಲ. ಅವನು ಹೇಳಬೇಕೆ, ಬೇಡವೆ? ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದು ಡಯೋಜನೀಸನ ವಾದ. ಹೇಳಲೇಬೇಕೆಂದು ಆಂಟಿಪಾಟರನ ವಾದ. ಮುಚ್ಚಿಡಬಾರದಿತ್ತೆಂಬುದೇ ಸಿಸಿರೋವಿನ ತೀರ್ಪು. ನಮ್ಮಲ್ಲಿ ಕೌಟಿಲ್ಯನು ಇದನ್ನು ವರ್ತಕನ ಆತ್ಮಸಾಕ್ಷಿಗೆ ಬಿಡಲಿಲ್ಲ. ಮೈಸೂರಿನ ಪ್ರಾಚ್ಯಗ್ರಂಥಾಲಯಕ್ಕೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಕಂಟಕಶೋಧನಾಧಿಕರಣದಲ್ಲಿ, ಸ್ವದೇಶದ ಸರಕಿಗೆ ನೂರಕ್ಕೆ ೫, ಪರದೇಶದ ಸರಕಿಗೆ ನೂರಕ್ಕೆ ೧೦ ಲಾಭವೆಂದು ವಿಧಿಸಿ, ಮೀರಿದವರಿಗೆ ದಂಡವನ್ನು ಹೇಳಿದೆ. ದೂರದಿಂದ ತಂದವನಿಗೆ ಇಮ್ಮಡಿ ಲಾಭವನ್ನು ಒಪ್ಪಿದ್ದು ಗಮನಾರ್ಹ. ಆಟದ ಲೋಕದಲ್ಲಾದರೋ ಪ್ರಭುತ್ವವು ತನ್ನ ನೂರಕ್ಕೆ ೫ನ್ನು ತೆಗೆದುಕೊಂಡು ಸುಮ್ಮನಾಗುತ್ತದೆ. ಲಾಭಕ್ಕೆ ಮಿತಿಯನ್ನು ಇಡುವುದಿಲ್ಲ.

ಈ ಎರಡು ವಿಚಾರಗಳನ್ನು ಮುಂದಿಟ್ಟುಕೊಂಡು ನೋಡಿದರೆ, ಒಂದೇ ಹೆಸರಿನಿಂದ ನಡೆಯುವ ಈ ವ್ಯಾಪಾರದಲ್ಲಿ ಮೂರು ಬಗೆಗಳು ಕಾಣುತ್ತವೆ.

ಮೊದಲನೆಯದು ದೂರದ ವ್ಯಾಪಾರ. ಅಲೈಯನ್ಸಿನ ಬೆಕ್ಕು ಹೋರ್ಡಿನವನಿಗೆ ಅಂಗಡಿಯಲ್ಲಿ ದೊರೆಯದು. ಆರ್ಗ್ರಿಮಾರಿನಲ್ಲಿ ೫೦ ಬೆಳ್ಳಿಗೆ ಮಾರುವ ಹಾವು ಅಲೈಯನ್ಸಿನವನಿಗೆ ದೊರೆಯದು. ಎರಡು ಪಕ್ಷದವರು ಒಬ್ಬರ ಮಾತನ್ನು ಒಬ್ಬರು ತಿಳಿಯಲಾರರು. ಬೂಟಿ ಬೇ, ಗ್ಯಾಜೆಟ್‌ಜಾನ್, ಎವರ್‌ಲುಕ್ ಎಂಬ ಗಾಬ್ಲಿನ್ನರ ಊರುಗಳ ಹರಾಜುಕಟ್ಟೆಗಳಲ್ಲಿ ಮಾತ್ರ ಇಬ್ಬರ ಸರಕೂ ಒಂದೆಡೆ ಸೇರುತ್ತಿತ್ತು. ಅಲ್ಲಿನ ಪಾಲು ನೂರಕ್ಕೆ ೧೫. ಮೇಲೆ ಹೇಳಿದ ೫ ಚಿನ್ನದ ಬೆಕ್ಕನ್ನು ಇಲ್ಲಿ ಮಾರಿದರೆ ಉಳಿಯುವುದು ೩ ಚಿನ್ನ ೮೫ ಬೆಳ್ಳಿ. ಈ ವ್ಯಾಪಾರಿ ಮಾರ್ಗದ ಅಪಾಯವನ್ನು ಸಹಿಸಿದ್ದಾನೆ. ಕೊಳ್ಳುವವನಿಗೆ ಬೇರೆ ರೀತಿಯಲ್ಲಿ ಸುಲಭವಾಗಿ ದೊರೆಯದುದನ್ನು ಒದಗಿಸಿದ್ದಾನೆ. ಕೌಟಿಲ್ಯನ ಪರದೇಶದ ಸರಕು ಇದೇ. ಮಾತನಾಡಲಾಗದ ಶತ್ರುಗಳ ನಡುವೆ ಒಂದು ಬೆಕ್ಕಿನ ಮೂಲಕ ಏರ್ಪಡುವ ಈ ಸಂಬಂಧವು ಇಡೀ ಕೃತಿಯಲ್ಲಿಯೇ ಸೊಗಸಾದ ಅಂಶಗಳಲ್ಲಿ ಒಂದೆಂದು ನಾವು ಎಣಿಸುತ್ತೇವೆ. ೨೦೧೪ರಲ್ಲಿ ಮುಖ್ಯ ಆವೃತ್ತಿಯ ಹರಾಜುಕಟ್ಟೆಗಳನ್ನೆಲ್ಲ ಒಂದುಗೂಡಿಸಿದ ಮೇಲೆ ಅಲ್ಲಿ ಈ ಸೊಗಸು ಇಲ್ಲವಾಯಿತು. ಅನುಕೂಲ ಹೆಚ್ಚಿತು, ಅರ್ಥ ಕಡಮೆಯಾಯಿತು.

ಎರಡನೆಯದು ತಡೆಯ ವ್ಯಾಪಾರ. ಕೆಲವು ಅಂಗಡಿಕಾರರಲ್ಲಿ, ಮುಖ್ಯವಾಗಿ ಕಸಬಿನ ಸೂತ್ರಪತ್ರಗಳನ್ನು ಮಾರುವವರಲ್ಲಿ, ಸರಕು ಒಂದೇ ಒಂದು ಇರುತ್ತದೆ. ಮಾರಿದ ಮೇಲೆ ಮತ್ತೊಂದು ಬರಲು ಹೊತ್ತು ಹಿಡಿಯುತ್ತದೆ. ಅದು ಬಂದೊಡನೆ ಕೊಂಡು ಹರಾಜಿಗಿಡುವವನು ಸರಕನ್ನು ಹತ್ತಿರ ತಂದಂತೆ ತೋರಿದರೂ, ಅದೇ ಅಂಗಡಿಗೆ ನಡೆದುಬಂದ ಅಕ್ಕಸಾಲಿಗೋ ಅಡುಗೆಯವನಿಗೋ ಬರಿಗೈಯಲ್ಲಿ ಹಿಂದಿರುಗುವಂತೆ ಮಾಡಿದ್ದಾನೆ. ಅವನು ಕಾದಿದ್ದಾನೆ, ನಿಜ. ಆದರೆ ಆ ಕಾಯುವಿಕೆಯ ಅಗತ್ಯವನ್ನು ಇತರರ ಪಾಲಿಗೆ ಹೆಚ್ಚಿಸಿದವನೂ ಅವನೇ. ಇಲ್ಲಿ ನಾವು ಪೂರ್ಣ ಸಮ್ಮತಿಯನ್ನು ಕೊಡಲಾರೆವು.

ಮೂರನೆಯದು ಅಜ್ಞಾನದ ವ್ಯಾಪಾರ. ಮುಗಿಯದ ಸರಕು, ಹತ್ತಿರದ ಅಂಗಡಿ, ತಿಳಿಯದ ಕೊಳ್ಳುಗ. ಇದನ್ನು ಸಮರ್ಥಿಸುವವರು ಎಫ್. ಎ. ಹಯೆಕ್ ೧೯೪೫ರಲ್ಲಿ ಬರೆದ ಪ್ರಬಂಧದ ವಾದವನ್ನು ತರಬಹುದು: ಬೆಲೆಗಳ ಅಂತರವನ್ನು ಬಲ್ಲ ವರ್ತಕನ ಸ್ಥಳೀಯ ಜ್ಞಾನವೂ ಸಮಾಜಕ್ಕೆ ಉಪಯುಕ್ತವೆ. ವಾಸ್ತವಲೋಕದಲ್ಲಿ ಈ ವಾದಕ್ಕೆ ಬಲವಿದೆ; ಏಕೆಂದರೆ ಅಲ್ಲಿ ಏರಿದ ಬೆಲೆ ಅಭಾವವನ್ನು ಸೂಚಿಸುತ್ತದೆ, ಅಭಾವದ ಸುದ್ದಿ ಸರಕನ್ನು ಕರೆತರುತ್ತದೆ. ಎಂದಿಗೂ ಮುಗಿಯದ ಬೆಕ್ಕಿನ ಬೆಲೆ ಏರಿದರೆ ಅದು ಯಾವ ಅಭಾವವನ್ನು ಸೂಚಿಸೀತು? ಕೊಳ್ಳುವವನ ತಿಳಿವಳಿಕೆಯ ಅಭಾವವನ್ನೋ, ಬಿಡುವಿನ ಅಭಾವವನ್ನೋ ಅಲ್ಲದೆ ಬೇರೇನನ್ನೂ ಅಲ್ಲ.

ಬಿಡುವಿಲ್ಲದವನ ವಿಷಯದಲ್ಲಿ ದೋಷವಿಲ್ಲ. ನೂರಾರು ಚಿನ್ನವುಳ್ಳ ಹಳಬನು, ಅಂಗಡಿಯ ಬೆಲೆಯನ್ನು ಬಲ್ಲವನಾಗಿಯೂ, ಕಾಡಿನವರೆಗೆ ಹೋಗಲು ಬೇಸರಪಟ್ಟು ೫ ಚಿನ್ನ ಕೊಟ್ಟರೆ ಅದು ಕೂಲಿಯೇ ಸರಿ. ಆದರೆ ಪಟ್ಟಿಯಲ್ಲಿ ಬೆಲೆ ಎಲ್ಲರಿಗೂ ಒಂದೇ. ಆಟಕ್ಕೆ ಬಂದು ಮೂರು ದಿನವಾದವನಿಗೆ ೫ ಚಿನ್ನವೆಂದರೆ ಹಲವು ಸಂಜೆಗಳ ದುಡಿಮೆ. ೨೦೧೫ರಿಂದ ಸಂಸ್ಥೆಯೇ, ಹಣ ಕೊಟ್ಟು ಕೊಂಡು ಹರಾಜಿನಲ್ಲಿ ಚಿನ್ನಕ್ಕೆ ಮಾರಬಹುದಾದ 'ಟೋಕನ್' ಒಂದನ್ನು ಮುಖ್ಯ ಆವೃತ್ತಿಯಲ್ಲಿ ತಂದಿದೆ; ಆದುದರಿಂದ ಆಟದ ಚಿನ್ನ ಬರಿಯ ಆಟದ್ದೆಂದು ತಳ್ಳಿಹಾಕುವಂತೆಯೂ ಇಲ್ಲ.

ಪ್ರತಿಪಕ್ಷದ ಒಂದು ಮಾತನ್ನು ಮಾತ್ರ ಮನ್ನಿಸಲೇಬೇಕು. ಈ ವ್ಯಾಪಾರಕ್ಕೆ ಬಲವೂ ಬೇಡ, ಬಂಡವಾಳವೂ ಬೇಡ. ೪೦ ಬೆಳ್ಳಿಯುಳ್ಳ ಯಾವ ದುರ್ಬಲನೂ ತೊಡಗಬಹುದು. ನಿನ್ನೆ ಮೋಸಹೋದೆನೆಂದುಕೊಂಡ ಹೊಸಬನೇ ಇಂದು ಅಂಗಡಿಯನ್ನು ಕಂಡುಹಿಡಿದು ಮಾರುವವನಾಗುತ್ತಾನೆ. ಮಾರುವವರು ಹೆಚ್ಚಿದಂತೆ ಬೆಲೆ ಇಳಿಯುತ್ತದೆ. ಆದರೂ ಕಲಿತವನ ಲಾಭವು ಮುಂದಿನ ಕಲಿಯದವನ ಮೇಲೆಯೇ ನಿಂತಿದೆಯೆಂಬುದನ್ನು ಮರೆಯಲಾಗದು.

ಇಲ್ಲಿ ಕೃತಿಕಾರರ ದ್ವಂದ್ವವೂ ಹೊರಬೀಳುತ್ತದೆ. ಅವರ ಕಥೆಯಲ್ಲಿ ಗಾಬ್ಲಿನ್ನರು ಲಾಭಬಡುಕರು, ನಗೆಗೆ ಈಡಾದ ಕುಳ್ಳರು. ಅವರ ನಿಯಮಗಳಲ್ಲಾದರೋ ಗಾಬ್ಲಿನ್ನನಂತೆ ನಡೆದವನಿಗೇ ಐಶ್ವರ್ಯ. ಕಥೆ ಶೌರ್ಯವನ್ನು ಹೊಗಳುತ್ತದೆ, ವ್ಯವಸ್ಥೆ ಲೆಕ್ಕವನ್ನು ಸನ್ಮಾನಿಸುತ್ತದೆ. ಇದೇ ಸಂಸ್ಥೆಯ 'ಡಯಾಬ್ಲೊ ೩' ಆಟದಲ್ಲಿ ಈ ದ್ವಂದ್ವವು ಆಟವನ್ನೇ ನುಂಗಿತು: ರಾಕ್ಷಸರನ್ನು ಕೊಂದು ಪಡೆಯಬೇಕಾದುದನ್ನು ಜನರು ಹರಾಜಿನಲ್ಲಿ ಕೊಳ್ಳತೊಡಗಿದರು, ೨೦೧೨ರಲ್ಲಿ ತೆರೆದ ಹರಾಜುಕಟ್ಟೆಯನ್ನು ೨೦೧೪ರ ಮಾರ್ಚಿ ೧೮ರಂದು ಮುಚ್ಚಬೇಕಾಯಿತು.

ಒಟ್ಟಿನಲ್ಲಿ ನಮ್ಮ ನಿರ್ಣಯವಿಷ್ಟು. ದೂರವನ್ನು ಮಾರುವವನು ವರ್ತಕ. ತಡೆಯನ್ನು ಮಾರುವವನು ಸುಂಕದವನು. ಅಜ್ಞಾನವನ್ನು ಮಾರುವವನು ಅಪರಾಧಿಯಲ್ಲವಾದರೂ, ಸಿಸಿರೋವಿನ ವರ್ತಕನಂತೆ, ಕೇಳಿದರೆ ಹೇಳಬೇಕಾದವನು. 'ಈ ಬೆಕ್ಕು ಎಲ್ಲಿ ಸಿಗುತ್ತದೆ?' ಎಂದು ಹೊಸಬನು ಕೇಳಿದಾಗ ಅವನು ಕೊಡುವ ಉತ್ತರದಲ್ಲಿಯೇ ಅವನ ವ್ಯಾಪಾರದ ಒರೆಗಲ್ಲಿದೆ. ಅರ್ಥಶಾಸ್ತ್ರವನ್ನೂ ನೀತಿಶಾಸ್ತ್ರವನ್ನೂ ಓದುವ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಿ ಚರ್ಚಿಸಿದರೆ, ಆಟದಲ್ಲಿ ಕಳೆದ ಸಂಜೆಗಳು ಪೂರ್ತಿ ವ್ಯರ್ಥವಾಗಲಿಲ್ಲವೆಂದು ನಾವು ತಿಳಿಯುತ್ತೇವೆ.