ಪರ್ಸಿ ಒಡೆದ ಕೈಯವನ ಜೊತೆ ಹೈದರಾಬಾದ್

ವಾಡಿ, ಚಿತ್ತಾಪುರ, ಸೇಡಂ ಕಡೆಯ ಹಳಬರಿಗೆ ಶಹರ ಅಂದರೆ ಇವತ್ತಿಗೂ ಹೈದರಾಬಾದೇ. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿತ್ತು. 1956ರಲ್ಲಿ ರಾಜ್ಯ ಬದಲಾಯಿತು, ಹಳಿ ಇದ್ದಲ್ಲೇ ಉಳಿಯಿತು. ಶಹಾಬಾದಿನವರು ವಾಡಿಯ ಮೇಲೆ ಹಾದು ಅದೇ ದಾರಿ ಹಿಡಿಯುತ್ತಾರೆ, ಚಿಂಚೋಳಿಯವರು ತಾಂಡೂರಿಗೆ ಬಂದು ಗಾಡಿ ಹತ್ತುತ್ತಾರೆ. ಮುತ್ಯಾನನ್ನು ನಾನು ಶಹರ ತೋರಿಸಲು ಕರೆದೊಯ್ದದ್ದೂ ಅದೇ ಹಳಿಯ ಮೇಲೆ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಬಾಯಲ್ಲಿ ‘ನಡಿ, ನೋಡಮು’ ಅನ್ನುವ ಒಂದೇ ಮಾತು.

ಮುತ್ಯಾ ಶಹಾಬಾದಿನ ಪರ್ಸಿ ಖಣಿಯಲ್ಲಿ ದುಡಿದವನು. ಆ ಕಲ್ಲು ನೆಲದೊಳಗೆ ಪದರ ಪದರವಾಗಿ ಮಲಗಿರುತ್ತದೆ. ಮೇಲಿನ ಮಣ್ಣು ತೆಗೆದು, ಗೆರೆ ಹಾಕಿ, ಉಳಿ ಬಡಿದು, ಹಾರಿಯ ತುದಿಯಿಂದ ಮೀಟಿದರೆ ಹಾಸು ಹಾಸಾಗಿ ಏಳುತ್ತದೆ. ಒಳಗೆ ಬಿರುಕಿದೆಯೋ ಇಲ್ಲವೋ ಎಂಬುದನ್ನು ಸುತ್ತಿಗೆಯ ಸಪ್ಪಳದಲ್ಲೇ ಹಿಡಿಯಬೇಕು. ಕಣ್ಣಿಗೆ ಕಾಣುವ ಹೊತ್ತಿಗೆ ಹಾಸು ಎರಡಾಗಿರುತ್ತದೆ. ಇಂಥವನ ಜೊತೆ ಶಹರ ನೋಡುವುದೆಂದರೆ ಮೊದಲು ನೆಲ ನೋಡುವುದು. ಇಳಿದ ಕೂಡಲೇ ಆತ ಗುಮ್ಮಟ, ಮಿನಾರು ಯಾವುದನ್ನೂ ಹುಡುಕಲಿಲ್ಲ. ಹಳೆಯದೊಂದು ಅಂಗಡಿಯ ಕಟ್ಟೆಯ ಮೇಲೆ ಬೂದುಬಣ್ಣದ ಪರ್ಸಿ ಕಂಡಿತು. ಚಪ್ಪಲಿ ಬಿಟ್ಟು ಅಂಗಾಲಿನಿಂದ ಒಮ್ಮೆ ಸವರಿದ. ‘ಮಂದಿ ತುಳದು ತುಳದು ಪಾಲಿಶ್ ಮಾಡ್ಯಾರ. ಮಶೀನಿಗಿ ಇಷ್ಟು ನುಣುಪು ಬರಂಗಿಲ್ಲ’ ಅಂದ.

ಚಾರ್ಮಿನಾರಿನ ಕೆಳಗೆ ನಿಂತಾಗ ನಾನು ಗೊತ್ತಿದ್ದದ್ದನ್ನೆಲ್ಲ ಒಪ್ಪಿಸಿದೆ: 1591, ಮುಹಮ್ಮದ್ ಕುಲಿ ಕುತುಬ್ ಶಾಹ, ನಾಲ್ಕು ಕಡೆಯ ಗಡಿಯಾರಗಳು 1889ರಲ್ಲಿ ಬಂದವು. ಮುತ್ಯಾ ಕೇಳಿಸಿಕೊಂಡ, ಆದರೆ ಅವನ ಕಣ್ಣು ಕಮಾನಿನ ಅಂಚಿನ ಹೂಬಳ್ಳಿಯ ಮೇಲಿತ್ತು. ಒಳಗೆ ಕಲ್ಲಿನ ಗೋಡೆ, ಮೇಲೆ ಸುಣ್ಣದ ಗಚ್ಚು. ಆ ಹೂಗಳೆಲ್ಲ ಗಚ್ಚು ಹಸಿಯಿದ್ದಾಗ ಮೂಡಿದವು. ಕಲ್ಲಿನಲ್ಲಿ ಕಡೆಯುವವನಿಗೆ ದಿನಗಟ್ಟಲೆ ಅವಕಾಶವಿದೆ. ಗಚ್ಚಿನವನಿಗೆ ಅದು ಗಟ್ಟಿಯಾಗುವ ತನಕ ಮಾತ್ರ. ಅದನ್ನು ತಿಳಿದು ನೋಡಿದರೆ ಆ ಎಲೆಗಳ ತುದಿಯಲ್ಲಿ ಕೈಯ ಅವಸರ, ಅವಸರದಲ್ಲೂ ತಪ್ಪದ ಹದ ಎರಡೂ ಕಾಣುತ್ತವೆ. ‘ಸುಣ್ಣ ಅಂದ್ರ ಏನು? ನಮ್ಮಂಥಾ ಕಲ್ಲೇ ಭಟ್ಟಿಯಾಗ ಸುಟ್ಟಿದ್ದು’ ಎಂದ ಮುತ್ಯಾ. ಮೇಲಕ್ಕೆ ಹೋಗಲು ಸುತ್ತುಮೆಟ್ಟಿಲು. ಅವನ ಮಣಕಾಲು ಒಪ್ಪಲಿಲ್ಲ. ಹತ್ತಿದ್ದರೆ ಊರು ಕಾಣುತ್ತಿತ್ತು, ಗಚ್ಚು ತಪ್ಪುತ್ತಿತ್ತು.

ಅಲ್ಲಿಂದ ಕೂಗಳತೆಯಲ್ಲಿ ಮೆಕ್ಕಾ ಮಸೀದಿ. ಇಲ್ಲಿ ಸುಣ್ಣದ ಮೃದುತನವಿಲ್ಲ, ಗ್ರಾನೈಟಿನ ದರ್ಬಾರು. ಕುತುಬ್ ಶಾಹಿಗಳು ಶುರುಮಾಡಿದ ಕಟ್ಟಡ. 1687ರಲ್ಲಿ ಗೋಲ್ಕೊಂಡ ಬಿದ್ದ ಮೇಲೆ ಔರಂಗಜೇಬನ ಕಾಲದಲ್ಲಿ ಮುಗಿಯಿತು. ಆ ಶತಮಾನದಲ್ಲಿ ಬಂದಿದ್ದ ಫ್ರೆಂಚ್ ವಜ್ರದ ವ್ಯಾಪಾರಿ ತಾವರ್ನಿಯೆ ಇದರ ಪ್ರಾರ್ಥನಾ ಗೂಡಿನ ಕಲ್ಲಿನ ಬಗ್ಗೆ ಬರೆದಿಟ್ಟಿದ್ದಾನೆ: ಐದು ನೂರು, ಆರು ನೂರು ಆಳುಗಳು ಐದು ವರ್ಷ ಅದನ್ನು ಖಣಿಯಿಂದ ಬಿಡಿಸಿದರಂತೆ, ಎಳೆದು ತರಲು 1,400 ಎತ್ತುಗಳು ಬೇಕಾದವಂತೆ. ಪ್ರವಾಸಿಯ ಲೆಕ್ಕವೆಂದು ನಾನು ನಕ್ಕೆ, ಮುತ್ಯಾ ನಗಲಿಲ್ಲ. ‘ಐದು ವರ್ಷ ಬಿಡಿಸಿದ್ದು ದೊಡ್ಡದಲ್ಲ. ಐದು ವರ್ಷ ಮುರೀದಂಗ ಕಾದದ್ದು ದೊಡ್ಡದು’ ಅಂದ. ಆಮೇಲೆ ಅಂಗಳದಲ್ಲಿ ಕೂತು ಮುಂಭಾಗದ ಐದು ಕಮಾನುಗಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿ ತೀರ್ಪು ಕೊಟ್ಟ: ‘ನಮ್ದು ಮಲಗೋ ಕಲ್ಲು. ಇದು ನಿಂದ್ರೋ ಕಲ್ಲು.’ ಪದರವಿಲ್ಲದ ಕಲ್ಲನ್ನು ಎಲ್ಲಿಂದ ಬಿಡಿಸಬೇಕೆಂದು ಕಲ್ಲು ತಾನಾಗಿ ಹೇಳುವುದಿಲ್ಲ. ಪ್ರತಿ ಅಂಗುಲವನ್ನೂ ಮನುಷ್ಯನೇ ನಿರ್ಧರಿಸಬೇಕು. ಆ ಗೋಡೆಯ ಗಾಂಭೀರ್ಯ ಎಲ್ಲಿಂದ ಬಂತೆಂದು ನನಗೆ ಆಗ ಹೊಳೆಯಿತು.

ಲಾಡ್ ಬಜಾರಿನಲ್ಲಿ ಬಳೆ ಕೊಳ್ಳುವ ಗದ್ದಲದ ನಡುವೆ ಬಳೆ ಮಾಡುವವರು ಸಿಕ್ಕರು. ಕೆಂಡದ ಕಾವಿಗೆ ಅರಗನ್ನು ಮೆತ್ತಗೆ ಮಾಡಿ, ಉದ್ದಕ್ಕೆ ಹೊಸೆದು, ದುಂಡಗೆ ಬಾಗಿಸಿ, ಆರುವುದರೊಳಗೆ ಹರಳು ಕೂರಿಸುವ ಕೆಲಸ. ಮುತ್ಯಾ ಕೈಬೆರಳುಗಳನ್ನಷ್ಟೇ ನೋಡುತ್ತ ನಿಂತ, ದರ ಕೇಳುವುದನ್ನು ನನಗೆ ಬಿಟ್ಟ. ಆಯಿಗೆ ಹಸಿರು ಬಳೆ ಕೊಂಡೆವು. ಪಕ್ಕದ ಇರಾನಿ ಹೋಟೆಲಿನಲ್ಲಿ ಗಟ್ಟಿ ಹಾಲಿನ ಚಹಾ, ಉಸ್ಮಾನಿಯಾ ಬಿಸ್ಕಿಟು. ಸಿಹಿಯ ಹಿಂದೆ ಸಣ್ಣಗೆ ಉಪ್ಪು ಬರುವ ಆ ಬಿಸ್ಕಿಟನ್ನು ಅದ್ದಿದ ಮೇಲೆ ಕಾಯಬಾರದು. ಮುತ್ಯಾ ಮೊದಲನೆಯದನ್ನು ಕಪ್ಪಿನ ತಳಕ್ಕೆ ಒಪ್ಪಿಸಿ, ಎರಡನೆಯದಕ್ಕೆ ಪಳಗಿದ.

ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ಮರುದಿನಕ್ಕೆ ಉಳಿಸಿಕೊಂಡಿದ್ದೆವು. ನಿಜಾಮನಿಗೆ ಕೆಲಕಾಲ ದಿವಾನನಾಗಿದ್ದ ಮೂರನೆಯ ಸಾಲಾರ್ ಜಂಗ್ ಕೂಡಿಸಿದ ರಾಶಿಯನ್ನು ಒಂದೇ ದಿನದಲ್ಲಿ ಮುಗಿಸುತ್ತೇನೆಂದು ಹೊರಟವನಿಗೆ ಯಾವುದೂ ದಕ್ಕುವುದಿಲ್ಲ. ಮುತ್ಯಾ ಮುಗಿಸಲು ಬಂದವನಲ್ಲ. ರೆಬೆಕಾಳ ಮುಂದೆ ಬಂದವನು ಅಲ್ಲೇ ನಿಂತ. ಇಟಲಿಯ ಬೆಂಜೋನಿ ಕಡೆದ ಅಮೃತಶಿಲೆಯ ಹೆಣ್ಣು. ಮೊದಲನೆಯ ಸಾಲಾರ್ ಜಂಗ್ 1876ರಲ್ಲಿ ರೋಮಿನಿಂದ ಕೊಂಡು ತಂದದ್ದು. ಬೈಬಲ್ಲಿನ ಕಥೆಯಲ್ಲಿ ರೆಬೆಕಾ ತನ್ನ ಗಂಡನಾಗುವವನನ್ನು ದೂರದಿಂದ ಕಂಡು ಮುಸುಕು ಎಳೆದುಕೊಳ್ಳುತ್ತಾಳೆ. ಆ ಮುಸುಕಿನೊಳಗಿಂದ ಮುಖ ಕಾಣುತ್ತದೆ. ಒದ್ದೆ ಬಟ್ಟೆ ಹೊದ್ದಂತಿದೆ ಎಂದು ಸುತ್ತಲಿನವರು ಬೆರಗಾಗುತ್ತಿದ್ದರು.

ಮುಟ್ಟಬಾರದ ಕಡೆ ಮುತ್ಯಾ ಕೈ ಹಿಂದೆ ಕಟ್ಟಿಕೊಂಡ. ಬಗ್ಗಿ ನೋಡಿದ, ಬದಿಗೆ ಸರಿದು ಬೆಳಕಿಗೆ ನೋಡಿದ. ಬಹಳ ಹೊತ್ತಿನ ಮೇಲೆ ಹೇಳಿದ: ‘ಇಲ್ಲಿ ಬಟ್ಟಿನೂ ಇಲ್ಲ, ಮಾರಿನೂ ಇಲ್ಲ. ಒಂದೇ ಕಲ್ಲಿನ ಮೈ ಅದ. ಉಬ್ಬಿದ್ದಲ್ಲಿ ಮಾರಿ ಅನಸ್ತದ, ಸಣ್ಣ ಗೆರಿ ಬಂದಲ್ಲಿ ಬಟ್ಟಿ ಅನಸ್ತದ.’ ಅದೇ ಗುಟ್ಟು. ಹುಬ್ಬಿನ ದಿಣ್ಣೆ, ಮೂಗಿನ ಏರು, ಗಲ್ಲದ ತಿರುವು ಅಗಲವಾದ ಮೆತ್ತನೆಯ ಇಳಿಜಾರುಗಳು. ನೆರಿಗೆಗಳು ಅವುಗಳ ಮೇಲೆ ಹರಿದ ತೆಳು ಏಣುಗಳು. ಉಳಿದದ್ದನ್ನು ನೆರಳು ಮಾಡುತ್ತದೆ, ನಮ್ಮ ಕಣ್ಣು ಪೂರ್ತಿ ಮಾಡುತ್ತದೆ. ಒಂದು ಪೆಟ್ಟು ಆಳಕ್ಕಿಳಿದಿದ್ದರೆ ಮುಸುಕು ಹರಿದು ಬರೀ ಮೂಗು ಉಳಿಯುತ್ತಿತ್ತು. ಒಂದು ಪೆಟ್ಟು ಕಡಿಮೆ ಬಿದ್ದಿದ್ದರೆ ಬರೀ ಕಲ್ಲು. ಅಮೃತಶಿಲೆಯೂ ಮೂಲದಲ್ಲಿ ಸುಣ್ಣಕಲ್ಲೇ, ಭೂಮಿಯೊಳಗಿನ ಕಾವು ಒತ್ತಡಗಳಿಗೆ ಸಿಕ್ಕು ಹರಳುಗಟ್ಟಿದ್ದು ಎಂದು ನಾನು ಹೇಳಿದೆ. ಮುತ್ಯಾನ ಮುಖ ಅರಳಿತು. ‘ಹಂಗಾದ್ರ ಈಕಿ ನಮ್ಮ ಬಳಗದಾಕಿ!’ ತುಳಿಯುವ ಹಾಸು, ಚಾರ್ಮಿನಾರಿನ ಗಚ್ಚು, ಈ ಮುಸುಕು, ನಮ್ಮ ವಾಡಿ ಸೇಡಂಗಳ ಸಿಮೆಂಟು: ಎಲ್ಲ ಒಂದೇ ಮನೆತನ.

ಸಂಗೀತ ಗಡಿಯಾರದ ಮುಂದೆ ಜನ ಸಾಲಾಗಿ ಕೂತಿದ್ದರು. ತಾಸಿಗೊಮ್ಮೆ ಗಡ್ಡದ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಎಲ್ಲರೂ ಕಾಯುವುದು ಅದಕ್ಕೆ. ಬದಿಯಲ್ಲಿ ಇನ್ನೊಂದು ಗೊಂಬೆ, ಕಮ್ಮಾರ, ಸೆಕೆಂಡಿಗೊಂದು ಪೆಟ್ಟು ಹಾಕುತ್ತಲೇ ಇರುತ್ತಾನೆ. ಚಪ್ಪಾಳೆ ಬಿದ್ದದ್ದು ಗಡ್ಡದವನಿಗೆ. ‘ಆ ದುಡಿಯಾವಗ ಯಾರೂ ಹೊಡೀಲಿಲ್ಲ ನೋಡು’ ಎಂದು ಮುತ್ಯಾ ತಾನೊಬ್ಬನೇ ಆಮೇಲೆ ಎರಡು ಚಪ್ಪಾಳೆ ತಟ್ಟಿದ.

ರಸಿಕತೆ ಓದಿನಿಂದ ಬರುತ್ತದೆಂದು ನಂಬಿದವನು ನಾನು. ಓದು ಇಸವಿ ಕೊಡುತ್ತದೆ, ಹೆಸರು ಕೊಡುತ್ತದೆ. ಒಂದು ವಸ್ತು ಎಷ್ಟು ಕಷ್ಟದ್ದೆಂಬ ಅಳತೆ ಕೊಡುವುದು ಅದೇ ಕೆಲಸ ಮಾಡಿದ ಮೈ. ಆ ಅಳತೆ ಇದ್ದವನ ಮೆಚ್ಚುಗೆ ಅಗ್ಗವಾಗಿರುವುದಿಲ್ಲ, ಅದಕ್ಕೇ ಅದು ರುಚಿ. ಶಹರ ನೋಡಲು ಹೊರಟವರು ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ. ಹೊಲಿದವರಿದ್ದರೆ ಜರಿಯ ಮುಂದೆ ನಿಲ್ಲಿಸಿ, ಅಡುಗೆ ಬಲ್ಲವರಿದ್ದರೆ ಹಲೀಮಿನ ಹಂಡೆಯ ಹತ್ತಿರ. ಕಾಲು ನೋಯುತ್ತದೆ ಅಂದಾಗ ಕೂಡ್ರಿಸಿ, ಕೂತಲ್ಲಿ ಎದುರಿಗೆ ಏನಿದೆಯೋ ಅದನ್ನು ಅವರು ವಿವರಿಸಲಿ. ಮುತ್ಯಾನ ಮುಂದಿನ ಅಪ್ಪಣೆ ಈಗಾಗಲೇ ಬಂದಿದೆ: ಗೋಲ್ಕೊಂಡ. ಕೋಟೆ ಹತ್ತುವುದಿಲ್ಲವಂತೆ, ಬುಡದ ಕಲ್ಲು ನೋಡಿದರೆ ಸಾಕಂತೆ.